ಬೆವರೋ ಮಡಕೆ

ದಸರಾ ಕಳೆದ ಮೇಲೆ ಬೆಸ್ತರ ಚನ್ನಿಂಗಮ್ಮ ಬಾಳೆಮೀನು ಹಿಡಿಯಕ್ಕೆ ದೋಣಿ ಹತ್ತಿದ್ಲು. ಗಾಳಕ್ಕೆ ಸಿಗಿಸೋ ಮರಿಮೀನನ್ನ ಹಳೇ ಮಡಕೇಲಿ ಅರ್ಧ, ಹೊಸ ಪ್ಲಾಸ್ಟಿಕ್ ಬಕೀಟಲ್ಲಿ ಅರ್ಧ ಬಿಟ್ಟಿದ್ಲು. "ಮೀನು ಬದುಕಿಸಿದ ಪಾತ್ರೆ ನಾಳೆನೂ ದೋಣಿಗೆ, ಸಾಯಿಸಿದ್ದು ಹಿತ್ತಲಿಗೆ" ಅಂದ್ಲು.

"ಏನ್ ತಾತ, ಮೈಯೆಲ್ಲಾ ಒದ್ದೆ? ಸೋರ್ತಾ ಇದ್ದೀಯಾ?" ಅಂತ ಬಕೀಟು ನಕ್ತು.

"ಸೋರೋದಲ್ಲ ಕಣ್ಲಾ, ಬೆವರೋದು. ದುಡಿಯೋ ಮೈ ಇದು!" ಅಂತ ಮಡಕೆ ಗದರ್ತು.

ಮಧ್ಯಾಹ್ನದ ಬಿಸಿಲಿಗೆ ಬಕೀಟಿನ ನೀರು ಕಾದು, ಮರಿಗಳೆಲ್ಲಾ ಹೊಟ್ಟೆ ಮೇಲಾಗಿ ತೇಲಿದ್ವು. ಮಡಕೆ ನೀರು ತಣ್ಣಗಿತ್ತು, ಕೈ ಹಾಕಿದ್ರೆ ಮರಿಗಳು ಚಿಮ್ತಿದ್ವು. ಅದರಲ್ಲೊಂದನ್ನ ಸಿಗಿಸಿ ಬಿಟ್ಟಿದ್ದೇ ತಡ, ತೋಳುದ್ದದ ಬಾಳೆಮೀನು ಗಬಕ್ಕಂತ ಕಚ್ತು. ಅದರ ಒದ್ದಾಟಕ್ಕೆ ದೋಣಿಗೆ ನೀರು ನುಗ್ತು.

ಚನ್ನಿಂಗಮ್ಮ ಬಕೀಟಲ್ಲಿದ್ದ ಸತ್ತ ಮರಿಗಳನ್ನ ಚೆಲ್ಲಿ, ಅದರಲ್ಲೇ ದೋಣಿ ನೀರು ಮೊಗೆದು ಆಚೆ ಎಸೆಯಕ್ಕೆ ಹತ್ತಿದ್ಲು. ಮಡಕೆ ಎದೆ ಉಬ್ಬಿಸ್ಕೊಂಡು ಕೂಗ್ತು: "ಬಿರ್ರನೆ ಮೊಗಿ ಮಗ, ನನ್ನಂಥ ಯಜಮಾನ್ರು ಕೂತಿರೋ ದೋಣಿ ಮುಳುಗಬಾರ್ದು!"