ಹೊಳೆಯದ ಪಟ್ಟಿ

“ಗುರುಗಳೇ, ಸಣ್ಣ ತಪ್ಪಿಗೂ ದಿನವೂ ನನ್ನನ್ನು ತಿದ್ದುತ್ತೀರಿ. ಹೀಗೆ ಪೆಟ್ಟು ತಿಂದು ತಿಂದು ನಾನೊಂದು ದಿನ ಮುರಿದುಹೋಗುವುದಿಲ್ಲವೇ?” ಎಂದು ಶಿಷ್ಯ ಅಡವಯ್ಯ ಕೇಳಿದ.

ಕೇಳುವಾಗ ಅವನ ಮುಖ ಊದಿಕೊಂಡಿತ್ತು. ಗುರುಗಳಿಗೆ ನಗು ಬಂತು. ಮುರಿಯುವುದು ಹೇಗೆಂದು ಮೊದಲು ತಿಳಿದುಕೋ, ಆಮೇಲೆ ಮುರಿಯುವೆಯಂತೆ ಎಂದು ಹೇಳಿ, ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಸುಬುದಾರನಿದ್ದ. ಪೋಲಿಯೋದಿಂದ ಕಾಲು ಸೊರಗಿದವರಿಗೆ ಆಸರೆ ಮಾಡಿಕೊಡುವುದು ಅವನ ಕೆಲಸ. ಕಾಲಿನ ಒಳಬದಿಗೊಂದು, ಹೊರಬದಿಗೊಂದು ಅಲ್ಯೂಮಿನಿಯಂ ಪಟ್ಟಿ. ಬಿಗಿಯಲು ಚರ್ಮದ ಬೆಲ್ಟು. ಪಟ್ಟಿಗಳನ್ನು ಅರದಿಂದ ಉಜ್ಜಿ, ಮುಖ ಕಾಣುವಷ್ಟು ಹೊಳಪು ತರಿಸದೆ ಅವನು ಯಾರಿಗೂ ಕೊಡುತ್ತಿರಲಿಲ್ಲ. ಅವನಿಗೆ ಹೊಳಪಿನ ಹುಚ್ಚು.

ಅವನಲ್ಲಿಗೆ ಒಂದು ಕಾಲು ಸೊರಗಿದ ಒಬ್ಬ ದಾದಿ ಬರುತ್ತಿದ್ದಳು. ಗುಡ್ಡದ ಮೇಲಿನ ಏಳು ಹಳ್ಳಿಗಳಿಗೆ ನಡೆದು ಹೋಗಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದಳು. ಅವಳ ಪಟ್ಟಿಗಳು, ಕಾಲಿನ ಆಕಾರಕ್ಕೆ ಬಾಗಿಸಿದ ಜಾಗದಲ್ಲಿ, ಒಂದರ ಹಿಂದೊಂದು ಮುರಿದವು. ಹೊಸದು ಹಾಕಿಸಿದಳು, ಅವೂ ಮುರಿದವು. ಎರಡು ಸಲವೂ ಅವಳು ಲಸಿಕೆಯ ಪೆಟ್ಟಿಗೆ ಸಮೇತ ದಾರಿಯಲ್ಲಿ ಬಿದ್ದಳು. ಇನ್ನೊಮ್ಮೆ ಬಿದ್ದರೆ ಗುಡ್ಡದ ಕೆಲಸ ಬೇರೆಯವರಿಗೆ ಎಂದು ಅಧಿಕಾರಿ ಹೇಳಿಬಿಟ್ಟ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಕಸುಬುದಾರ ಪಟ್ಟಿಗಳನ್ನು ದಪ್ಪ ಮಾಡಿ ನೋಡಿದ. ಅವುಗಳ ಭಾರಕ್ಕೆ ಅವಳಿಗೆ ಕಾಲೇ ಎತ್ತಲಾಗಲಿಲ್ಲ.

ಅವನು ಸೋತು, ತಾಮ್ರದ ಹಂಡೆ ಬಡಿಯುವ ಒಬ್ಬ ಮುದುಕನ ಬಳಿಗೆ ಮುರಿದ ತುಂಡನ್ನು ಒಯ್ದ. ಮುದುಕ ಅದನ್ನು ಬಿಸಿಲಿಗೆ ಹಿಡಿದ. ಮುರಿದ ಜಾಗದ ಒಂದು ಅಂಚು ಮಾಸಿತ್ತು, ಉಳಿದದ್ದು ಹೊಸದಾಗಿತ್ತು.

“ಇದು ಒಂದೇ ದಿನಕ್ಕೆ ಮುರಿದದ್ದಲ್ಲ ಕಣಪ್ಪ. ನಿನ್ನ ಅರದ ಗೀರಿನಲ್ಲೇ ಕೂದಲೆಳೆಯಷ್ಟು ಬಿರುಕು ಹುಟ್ಟಿದೆ. ಹೆಜ್ಜೆ ಹಾಕಿದಾಗಲೆಲ್ಲ ಪಟ್ಟಿಯ ಮೈ ಎಳೆದಂತಾಗಿ ಅದು ಬೆಳೆದಿದೆ. ಮೈಯನ್ನು ಮೊದಲೇ ತಟ್ಟಿ ಒತ್ತಿಟ್ಟರೆ ಬಿರುಕಿಗೆ ಬಾಯಿ ಬಿಡಲು ಎಡೆ ಸಿಗುವುದಿಲ್ಲ.”

ಮುದುಕ ಗುಂಡು ಮೂತಿಯ ಸಣ್ಣ ಸುತ್ತಿಗೆ ತೆಗೆದು, ದಾದಿಗಾಗಿ ಮಾಡಿದ ಹೊಸ ಪಟ್ಟಿಗಳನ್ನು ತರಿಸಿ ತಟ್ಟತೊಡಗಿದ. ಒಂದೇ ತೂಕದ ಪೆಟ್ಟು, ಒಂದರ ಪಕ್ಕ ಒಂದು, ಎಲ್ಲೂ ಜಾಗ ಬಿಡದೆ. ಮಿತಿಮೀರಿ ಹೊಡೆದರೆ ಅದೇ ಬಿರುಕಾದೀತೆಂದು ಎಚ್ಚರಿಸಿದ. ಸಂಜೆಯ ಹೊತ್ತಿಗೆ ಪಟ್ಟಿಗಳ ಮೈ ತುಂಬ ಸಿಡುಬಿನ ಕಲೆಯಂತೆ ಗುಳಿಗಳು ಬಿದ್ದಿದ್ದವು.

ಕಸುಬುದಾರನಿಗೆ ನಾಚಿಕೆಯಾಯಿತು. ಒಳಬದಿಯ ಪಟ್ಟಿ ಯಾರಿಗೂ ಕಾಣದು, ಅದನ್ನು ಹಾಗೇ ಬಿಟ್ಟ. ಸೀರೆ ಎತ್ತಿ ಕಟ್ಟಿ ಗುಡ್ಡ ಹತ್ತುವಾಗ ಹೊರಬದಿಯದು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಅದನ್ನು ಗುಳಿಗಳೆಲ್ಲ ಹೋಗುವ ತನಕ ಅರದಿಂದ ಉಜ್ಜಿ, ಹೊಳಪು ತರಿಸಿ ಕೊಟ್ಟ.

ಐದು ತಿಂಗಳು ಕಳೆಯಿತು. ಕಡಿದಾದ ಏರಿನ ನಡುವೆ ಹೊಳೆಯುವ ಪಟ್ಟಿ ಲಟಕ್ಕೆಂದು ಮುರಿಯಿತು. ಎಲ್ಲ ಮುಗಿಯಿತೆಂದು ದಾದಿ ಕಣ್ಣು ಮುಚ್ಚಿದಳು. ಆದರೆ ಬೀಳಲಿಲ್ಲ. ಗುಳಿ ಬಿದ್ದ ಒಳಪಟ್ಟಿ ಅವಳ ಭಾರವನ್ನೆಲ್ಲ ಹೊತ್ತು ನಿಂತಿತ್ತು. ಅದೊಂದನ್ನೇ ನಂಬಿ ಅವಳು ಏರು ಹತ್ತಿದಳು, ಕಾದಿದ್ದ ಮಕ್ಕಳಿಗೆಲ್ಲ ಲಸಿಕೆ ಹಾಕಿದಳು, ಇಳಿದೂ ಬಂದಳು. ನೇರ ಕಸುಬುದಾರನ ಅಂಗಡಿಗೆ ಹೋಗಿ ಮುರಿದ ಪಟ್ಟಿಯನ್ನು ಅವನ ಮುಂದಿಟ್ಟಳು.

“ಅಣ್ಣಾ, ನಾನು ನಡೀಬೇಕು. ಹೊಳೆಯೋದು ಬೇಡ.”

ಅಂದೇ ಅವನು ಅರ ಕೆಳಗಿಟ್ಟು ಸುತ್ತಿಗೆ ಹಿಡಿದ. ಎರಡೂ ಪಟ್ಟಿಗಳನ್ನು ತಟ್ಟಿ ಕೊಟ್ಟ. ದಾದಿ ಮತ್ತೆಂದೂ ಬೀಳಲಿಲ್ಲ, ಗುಡ್ಡದ ಕೆಲಸ ಅವಳ ಕೈತಪ್ಪಲೂ ಇಲ್ಲ. ನಿವೃತ್ತಿಯ ದಿನ ಏಳು ಹಳ್ಳಿಯವರೂ ಅವಳನ್ನು ಕರೆದರು. ಹೊತ್ತೊಯ್ಯಲು ಬಂದವರನ್ನು ವಾಪಸು ಕಳಿಸಿ, ತಟ್ಟಿದ ಪಟ್ಟಿಗಳನ್ನು ಕಟ್ಟಿಕೊಂಡು ನಡೆದೇ ಹತ್ತಿದಳು. ಅವಳಿಂದ ಲಸಿಕೆ ಹಾಕಿಸಿಕೊಂಡವರು ತಮ್ಮ ಮಕ್ಕಳನ್ನು ಎತ್ತಿಕೊಂಡು ಎದುರು ಬಂದಿದ್ದರು.

ಕತೆ ಕೇಳಿ ಅಡವಯ್ಯನ ಮುಖ ಅರಳಿತು. ಹಾಗಾದರೆ ನಾನು ಮುರಿಯುವುದಿಲ್ಲವೆಂದಾಯಿತು ಎಂದು ಹಿಗ್ಗಿದ.

ಗುರುಗಳು ಹೇಳಿದರು: “ಮುರಿಯುವೆನೋ ಇಲ್ಲವೋ ಎಂದು ನೀನು ಕೇಳಿದೆ, ನಿನ್ನನ್ನು ನೆಚ್ಚಿಕೊಂಡು ಗುಡ್ಡ ಹತ್ತಬೇಕಾದವರು ಯಾರೆಂದು ಕೇಳಲಿಲ್ಲ.”