ಗೇಟಿನ ಸಾಲಿನಲ್ಲಿ ಕರ್ನಲ್ ಸಾಹೇಬರು

ಸೇನಾ ನೆಲೆಯ ನಾಲ್ಕು ಗೇಟುಗಳಲ್ಲಿ ಮೂರನ್ನು ಮುಚ್ಚಿಸಿದ ಕರ್ನಲ್ ಸಾಹೇಬರ ಮನೆ ನೆಲೆಯೊಳಗೇ ಇತ್ತು. ಊರಿಂದ ಬರುವ ಗುಮಾಸ್ತ ತಿಪ್ಪೇರುದ್ರ ಮಾತ್ರ ಉಳಿದೊಂದು ಗೇಟಿನ ಸಾಲಿನಲ್ಲಿ ಸಿಕ್ಕಿ ದಿನಾ ತಡವಾಗಿ ಬರುತ್ತಿದ್ದ.

"ನಾಳೆ ಒಂಬತ್ತಕ್ಕೆ ಬರದಿದ್ದರೆ ಕೆಲಸ ಬಿಡು!" ಎಂದು ಕರ್ನಲ್ ಗುಡುಗಿದರು.

"ನಾನು ಶುದ್ಧ ದಡ್ಡ ಸಾರ್. ಹೇಗೆ ಬರೋದು ಅಂತ ಒಂದು ದಿನ ನೀವೇ ತೋರಿಸಿಕೊಡಿ," ಎಂದು ಅವನು ಕೈಮುಗಿದ.

"ಅದೇನು ಮಹಾ!" ಎಂದ ಕರ್ನಲ್, ಮರುದಿನ ಎಂಟಕ್ಕೇ ಅವನ ಮನೆಗೆ ಹೋಗಿ ಸ್ಕೂಟರಿನ ಹಿಂದೆ ಕೂತರು. ಲಾರಿಗಳ ನಡುವೆ ತೆವಳಿ ಗೇಟು ದಾಟುವಾಗ ಹತ್ತೂವರೆ.

ಕಚೇರಿಯಲ್ಲಿ ತಿಪ್ಪೇರುದ್ರ ಎರಡು ಹಾಳೆ ಮುಂದಿಟ್ಟ. "ತಡವಾದದ್ದಕ್ಕೆ ವಿವರಣೆ ಸಾರ್. ನಂದು ಬರೆದಿದ್ದೀನಿ. ನಿಮ್ಮದು ಖಾಲಿ ಬಿಟ್ಟಿದ್ದೀನಿ."

ದುರುಗುಟ್ಟಿ ನೋಡಿದ ಕರ್ನಲ್ ಕೊನೆಗೆ ನಕ್ಕೇಬಿಟ್ಟರು. ಸಂಜೆಗೆ ಮೂರೂ ಗೇಟು ತೆರೆದವು.

ಮರುದಿನ ತಿಪ್ಪೇರುದ್ರ ಬಂದದ್ದು ಹತ್ತಕ್ಕೆ. ತಲೆ ಕೆರೆದುಕೊಂಡು, "ಈ ಸಲ ಗೇಟಿನ ತಪ್ಪೇನೂ ಇಲ್ಲ ಸಾರ್, ನಂದೇ!" ಎಂದ.