ನಾಯಿಯ ಹೆಡಕಿನ ತೊಗಲು ಸಡಿಲಾದದ್ದು

ಲೋಕ ಆಗ ಇನ್ನೂ ಹೊಸದು. ಎಷ್ಟು ಹೊಸದು ಅಂತೀರಿ? ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಹೊಳೆಗೆ ತಾನು ಎಲ್ಲಿಗೆ ಹೋಗಬೇಕೆಂದೇ ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನೆಲ್ಲ ದಾರಿ ಕೇಳುತ್ತ ಹರಿಯುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಎತ್ತು ಮಾತಾಡುತ್ತಿತ್ತು, ಕತ್ತೆಯಂತೂ ಯಾರೂ ಕೇಳದಿದ್ದರೂ ಮಾತಾಡುತ್ತಿತ್ತು.

ನಾಯಿ ಮನುಷ್ಯರ ಜೊತೆ ಇರಲು ಬಂದು ಬಹಳ ದಿನ ಆಗಿರಲಿಲ್ಲ. ಹಟ್ಟಿಗೊಂದು ನಾಯಿ ಇದ್ದರೆ ಅದೇ ಹೆಚ್ಚು. ಕುರಿ ಕಾಯುವವರ ಒಂದು ಹಟ್ಟಿಯಲ್ಲಿ ಹಾಲವ್ವ ಅಂತ ಒಬ್ಬ ಹೆಂಗಸು ಇದ್ದಳು. ಅವಳ ಹತ್ತಿರ ಒಂದು ನಾಯಿ ಇತ್ತು. ಅದರ ಹೆಸರು ಬೂದ.

ತೋಳದ ಗವಿಯಿಂದ ಉರುಳಿ ಬಿದ್ದಿದ್ದ ಮರಿ ಅದು. ಹಾಲವ್ವ ಕಂಬಳಿಯಲ್ಲಿ ಸುತ್ತಿಕೊಂಡು ಬಂದು, ಕುರಿಹಾಲು ಕುಡಿಸಿ, ಮಗ್ಗುಲಲ್ಲೇ ಮಲಗಿಸಿಕೊಂಡು ಸಾಕಿದ್ದಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಬೂದನೇ ಮಗ, ಬೂದನೇ ಬಳಗ.

ಬೂದನದು ಒಳ್ಳೆಯ ಗುಣ. ಆದರೆ ಒಂದೇ ಒಂದು ಕೆಟ್ಟ ಚಾಳಿ. ಎಳೆಯುವುದು! ಎಲ್ಲಾದರೂ ಒಂದು ವಾಸನೆ ಸಿಕ್ಕಿತೋ, ಮುಗಿಯಿತು, ಸತ್ತರೂ ಸರಿ ಅಲ್ಲಿಗೇ ಹೋಗಬೇಕು.

ಒಂದು ಬೆಳಿಗ್ಗೆ ಹಟ್ಟಿಯ ಹಿರಿಯ ಮುದ್ದೀರಜ್ಜ ಹಾಲವ್ವನ ಗುಡಿಸಿಲ ಮುಂದೆ ಬಂದು ಕೋಲೂರಿ ನಿಂತ.

"ಹಾಲವ್ವಾ, ಇಲ್ಲಿ ಹುಲ್ಲು ಮುಗೀತು. ಹೊತ್ತು ನೆತ್ತಿಗೆ ಬರೋದ್ರೊಳಗೆ ಮಂದೆ ಎಲ್ಲಾ ಬಂಡೆದಾರಿ ದಾಟಿ ಆಚೆ ಹೋಗಬೇಕು. ಆ ದಾರಿ ಹೆಂಗಿದೆ ಅಂತ ನಿನಗೆ ನಾನು ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಪಾತಾಳ. ಪಾತಾಳದಲ್ಲಿ ಹೊಳೆ. ನಡುವೆ ಒಂದು ಕುರಿ ನಡೆಯುವಷ್ಟೇ ಅಗಲದ ದಾರಿ.

"ನಿನ್ನ ನಾಯಿ ಅಲ್ಲಿ ಒಂದ್ಸಲ ಜಿಗಿದ್ರೆ ಕುರಿಗಳು ಬೆದರಿ ಒಂದರ ಹಿಂದೊಂದು ಹೊಳೆಗೆ ಬೀಳ್ತವೆ," ಅಂದ ಅಜ್ಜ. "ಹಗ್ಗ ಹಾಕಿ ಹಿಡ್ಕೊಂಡು ಬರೋದಾದ್ರೆ ಬಾ. ಇಲ್ಲಾಂದ್ರೆ ಅದನ್ನ ಇಲ್ಲೇ ಬಿಟ್ಟು ಬಾ."

"ಬಿಟ್ರೆ ತೋಳಗಳು ಬರ್ತವಲ್ಲಜ್ಜಾ! ಇವನ ಮೈಗೆ ಮನುಷ್ಯರ ವಾಸನೆ ಹತ್ತಿದೆ. ಜೀವಸಹಿತ ಬಿಡ್ತಾವಾ?"

"ನನಗೆ ಇನ್ನೂರು ಕುರಿ ಜೀವ ಮುಖ್ಯ ಕಣವ್ವಾ," ಅಂದು ಅಜ್ಜ ಹೊರಟೇಬಿಟ್ಟ. ಕೆಟ್ಟವನಲ್ಲ ಅವನು. ಹೆದರಿದ್ದ, ಅಷ್ಟೆ.

ಆ ಹಟ್ಟಿಯಲ್ಲಿ ಒಂದು ಕಟ್ಟಳೆ ಇತ್ತು: ಯಾರ ಪ್ರಾಣಿಗೆ ಅವರೇ ಹಗ್ಗ ಹೊಸೆಯಬೇಕು. ಹಾಲವ್ವ ಆಡುಕೂದಲು ತಂದು ತೊಡೆಯ ಮೇಲಿಟ್ಟು ಹೊಸೆದಳು, ಹೊಸೆದಳು, ತೊಡೆ ಕೆಂಪಾಗುವವರೆಗೂ ಹೊಸೆದಳು. ಆನೆ ಕಟ್ಟಿದರೂ ಕಿತ್ತುಹೋಗದಂಥ ಹಗ್ಗ ಆಯಿತು.

ಹಗ್ಗವೇನೋ ಆಯಿತು. ಕಟ್ಟುವುದು ಎಲ್ಲಿಗೆ? ನಾಯಿಗೆ ಹಗ್ಗ ಕಟ್ಟಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲವಲ್ಲ! ಹೊತ್ತು ಆಗಲೇ ಒಂದು ಮಾರು ಏರಿತ್ತು.

"ಎತ್ತಣ್ಣಾ, ನೀನೇ ಹೇಳಪ್ಪಾ," ಅಂದಳು ಹಾಲವ್ವ.

ಎತ್ತು ಮೆಲುಕು ಹಾಕುತ್ತ ಹೇಳಿತು: "ಮೂಗು ಚುಚ್ಚು. ಮೂಗುದಾರ ಹಾಕು. ಇಷ್ಟು ದೊಡ್ಡ ನಾನೇ ಅಲ್ಲಾಡಲ್ಲ, ಅವನು ಅಲ್ಲಾಡ್ತಾನಾ?"

ಹಾಲವ್ವ ಬೂದನ ಒದ್ದೆ ಮೂಗು ನೋಡಿದಳು. ಅವನು ಲೋಕ ಕಾಣುವುದೇ ಆ ಮೂಗಿನಿಂದ. "ಥೂ, ನನ್ನ ಕೈಲಾಗಲ್ಲ," ಅಂದಳು.

ಟಗರು ಕೊಂಬು ಅಲ್ಲಾಡಿಸುತ್ತ ಬಂತು. "ಕತ್ತಿಗೆ ಉರುಳು ಹಾಕವ್ವಾ. ಎಳೆದ್ರೆ ಬಿಗಿಯುತ್ತೆ. ಬಿಗಿದ್ರೆ ನಿಲ್ಲಲೇಬೇಕು. ನಮ್ಮ ಮಂದೆಯಲ್ಲಿ ಎಲ್ಲರಿಗೂ ಅದೇ."

ಹಿಂದಿನಿಂದ ಕತ್ತೆ ಕೂಗಿತು. "ಅಕ್ಕಾ, ಅಕ್ಕಾ! ನನ್ನ ನೋಡು. ನನ್ನ ಕತ್ತಿಗೆ ಏನೂ ಇಲ್ಲ. ಎದೆಗೊಂದು ಪಟ್ಟಿ, ಹೊಟ್ಟೆಗೊಂದು ಪಟ್ಟಿ. ಗುಡಾರ, ಗಡಿಗೆ, ಎಳೆಮರಿ, ಎಲ್ಲಾ ಹೊತ್ಕೊಂಡು ಇಳಿಜಾರಲ್ಲಿ ಜಾರಿದ್ರೂ ನನಗೆ ಉಸಿರು ಕಟ್ಟಲ್ಲ."

ಟಗರು ಗೊಳ್ಳೆಂದು ನಕ್ಕಿತು. "ಹೇರು ಹೊರೋನ ಪಟ್ಟಿ ತೋಳದ ಮನೆತನದವನಿಗಾ!" ಎತ್ತೂ ನಕ್ಕಿತು. ಹಾಲವ್ವನಿಗೂ ನಗು ಬಂತು.

"ಸುಮ್ನಿರೋ ಮಾರಾಯ, ನಿನ್ನ ಮಾತು ಕೇಳ್ತಾ ಕೂತ್ರೆ ಹೊತ್ತು ಮುಳುಗುತ್ತೆ," ಅಂದು ಬೂದನ ಕತ್ತಿಗೆ ಉರುಳುಗಂಟು ಹಾಕಿಬಿಟ್ಟಳು.

ತಪ್ಪು ಆದದ್ದು ಅಲ್ಲೇ ನೋಡಿ. ಪಾಪ, ಅವಳನ್ನು ಬೈಯುವ ಹಾಗೂ ಇಲ್ಲ. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದವಳು. ಉರುಳು ಬಿಗಿದರೆ ಕುರಿ ನಿಲ್ಲುತ್ತದೆ. ಹಾಗಾದರೆ ಜೀವ ಇರುವ ಎಲ್ಲವೂ ನಿಲ್ಲುತ್ತವೆ ಅಂದುಕೊಂಡಿದ್ದಳು. ನಾಯಿ ಬಿಗಿದಷ್ಟೂ ಎಳೆಯುತ್ತದೆ ಅಂತ ಅವಳಿಗೆ ಯಾರು ಹೇಳಿದ್ದರು?

ಮಂದೆ ಬಂಡೆದಾರಿಗೆ ಇಳಿಯಿತು. ಮುಂದೆ ಮುದ್ದೀರಜ್ಜ, ಅವನ ಹಿಂದೆ ಸಾಲಾಗಿ ಕುರಿಗಳು. ಅವೆಲ್ಲ ದೂರ ಹೋಗಲಿ ಅಂತ ಕಾದು ಹಾಲವ್ವ ಕೊನೆಗೆ ಇಳಿದಳು. ಹಗ್ಗವನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಅವಳ ಹಿಂದೆ ಹೇರು ಹೊತ್ತ ಕತ್ತೆ.

ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಕಾಲ ಕೆಳಗಿನ ಕಲ್ಲು ಸರಕ್ಕೆಂದರೆ ಜೀವ ಬಾಯಿಗೆ ಬರುತ್ತಿತ್ತು. "ಮೆಲ್ಲಗೆ ಬೂದಾ, ಮೆಲ್ಲಗೆ ನನ್ನಪ್ಪಾ." ಬೂದ ಮೆಲ್ಲಗೇ ನಡೆಯುತ್ತಿದ್ದ.

ಅರ್ಧ ದಾರಿ ಆಗಿತ್ತು. ಆಗ ಗಾಳಿ ಬೀಸಿತು. ಬೀಸಿದ್ದು ಕಾಡಿನ ಕಡೆಯಿಂದ. ಅದರಲ್ಲಿ ತೋಳದ ವಾಸನೆ ಇತ್ತು. ವಾಸನೆಯ ಬೆನ್ನಿಗೇ ಕೂಗೂ ಬಂತು: "ತಮ್ಮಾ, ಬಾರೋ! ತಮ್ಮಾ, ಬಾರೋ!"

ಬೂದನ ಕಿವಿ ನೆಟ್ಟಗಾಯಿತು. ಅವನು ಎಳೆದ. ಉರುಳು ಬಿಗಿಯಿತು. ಬಿಗಿದಷ್ಟೂ ಎಳೆದ, ಎಳೆದಷ್ಟೂ ಬಿಗಿಯಿತು. "ನಿಲ್ಲೋ! ನಿಲ್ಲೋ ಬೂದಾ!" ಅಂತ ಹಾಲವ್ವ ಕಿರುಚುತ್ತಿದ್ದಂತೆ ಅವನ ಮುಂಗಾಲಿನ ಕೆಳಗಿದ್ದ ಕಲ್ಲು ಕಳಚಿತು. ಬೂದ ಪಾತಾಳದ ಕಡೆ ಜಾರಿದ.

ಹಗ್ಗ ಸೆಟೆದು ಹಾಲವ್ವನನ್ನು ನೆಲಕ್ಕೆ ಕೆಡವಿತು. ಅವಳು ಬೋರಲು ಬಿದ್ದು, ಅಂಚಿನಿಂದ ತಲೆ ಹೊರಗೆ ಹಾಕಿ ನೋಡಿದಳು. ಬೂದ ಕತ್ತಿನಿಂದ ನೇತಾಡುತ್ತಿದ್ದ. ನಾಲ್ಕೂ ಕಾಲು ಗಾಳಿಯಲ್ಲಿ ಒದೆಯುತ್ತಿದ್ದವು. ನಾಲಿಗೆ ನೀಲಿಯಾಗುತ್ತಿತ್ತು.

ಹಗ್ಗ ಎಳೆದರೆ ಉಸಿರು ಕಟ್ಟಿ ಸಾಯುತ್ತಾನೆ. ಬಿಟ್ಟರೆ ಹೊಳೆಗೆ ಬಿದ್ದು ಸಾಯುತ್ತಾನೆ. ಅಯ್ಯೋ, ತಾನೇ ಹೊಸೆದ ಹಗ್ಗ! ತಾನೇ ಹಾಕಿದ ಗಂಟು!

"ಬಿಡು ಹಾಲವ್ವಾ, ನಾನು ಹಿಡ್ಕೋತೀನಿ," ಅಂತು ಕೆಳಗಿನಿಂದ ಹೊಳೆ.

"ಹಿಡಿದ ಮೇಲೆ ವಾಪಸ್ಸು ಕೊಡ್ತೀಯಾ?"

"ಅದನ್ನ ಇನ್ನೂ ಕಲಿತಿಲ್ಲ," ಅಂತು ಹೊಳೆ. ಸುಳ್ಳು ಹೇಳುವುದನ್ನೂ ಅದು ಇನ್ನೂ ಕಲಿತಿರಲಿಲ್ಲ.

"ಗಾಳಿಯಣ್ಣಾ, ಎತ್ತೋ!" ಅಂತ ಕೂಗಿದಳು. ಗಾಳಿ ಕೆಳಗಿನಿಂದ ನೂಕಿ ನೂಕಿ ನೋಡಿತು. ಬೂದನ ರೋಮ ಎದ್ದಿತೇ ಹೊರತು ಬೂದ ಏಳಲಿಲ್ಲ.

ಹಾಲವ್ವ ಬಲಗೈ ಕೆಳಗೆ ಚಾಚಿದಳು. ಸಿಗಲಿಲ್ಲ. ಇನ್ನೂ ಚಾಚಿದರೆ ತಾನೂ ಬೀಳುತ್ತಾಳೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ಸೊಂಟದ ಕಂಬಳಿಯನ್ನು ಬಿಗಿಯಾಗಿ ಹಿಡಿದರು. ನೋಡಿದರೆ ಕತ್ತೆ! ಕಂಬಳಿಯ ಗಂಟನ್ನು ಹಲ್ಲಲ್ಲಿ ಕಚ್ಚಿ, ನಾಲ್ಕೂ ಗೊರಸು ನೆಲಕ್ಕೆ ಊರಿ ನಿಂತಿತ್ತು. ಒಂದು ಮಾತೂ ಆಡಲಿಲ್ಲ. ಹುಟ್ಟಿದ ಮೇಲೆ ಅದು ಬಾಯಿ ಮುಚ್ಚಿದ್ದು ಅವತ್ತೇ ಮೊದಲು.

ಹಾಲವ್ವ ಎದೆಯವರೆಗೂ ಕೆಳಗೆ ಬಾಗಿದಳು. ಬೆರಳು ಬೂದನ ಕಿವಿಗೆ ತಾಗಿತು, ಜಾರಿತು. ಕತ್ತಿನ ಹಿಂದಿನ ಹೆಡಕಿಗೆ ತಾಗಿತು, ಅಲ್ಲೂ ಜಾರಿತು. ಆ ಕಾಲದಲ್ಲಿ ನಾಯಿಯ ತೊಗಲು ಮೈಗೆ ತಮಟೆಯ ಹಾಗೆ ಬಿಗಿದುಕೊಂಡಿರುತ್ತಿತ್ತು. ಹಿಡಿಯಲು ಒಂದು ಚಿಟಿಕೆಯೂ ಸಿಗುತ್ತಿರಲಿಲ್ಲ. ಮೇಲಾಗಿ ಬೂದ ಒದ್ದಾಡುತ್ತಿದ್ದ.

"ಬೂದಾ!" ಹಾಲವ್ವನಿಗೆ ಅಳು ಒತ್ತರಿಸಿ ಬಂತು. "ನನ್ನದೇ ತಪ್ಪು ಕಣೋ. ಆದ್ರೆ ಈಗ ಒಂದ್ಸಲ, ಒಂದೇ ಒಂದ್ಸಲ ಎಳೀಬೇಡ. ಮೈ ಬಿಡು ನನ್ನಪ್ಪಾ. ನನಗೆ ಹಿಡಿಯಕ್ಕೆ ಏನಾದ್ರೂ ಕೊಡೋ!"

ಬೂದ ಕಣ್ಣು ತಿರುಗಿಸಿ ಅವಳನ್ನು ನೋಡಿದ. ಆಚೆ ಕಾಡಿನಿಂದ ತೋಳ ಇನ್ನೂ ಕೂಗುತ್ತಿತ್ತು. ಉಸಿರು ಕಟ್ಟುತ್ತಿತ್ತು, ಕೆಳಗೆ ಪಾತಾಳ ಬಾಯಿ ತೆರೆದಿತ್ತು. ಆದರೂ ಬೂದ ಒದೆಯುವುದನ್ನು ನಿಲ್ಲಿಸಿದ. ಕಾಲು ಬಿಟ್ಟ, ಬಾಲ ಬಿಟ್ಟ, ಮೈಯೆಲ್ಲ ಸಡಿಲ ಬಿಟ್ಟ.

ಆಗ ಅವನ ಹೆಡಕಿನ ತೊಗಲು ಮೆತ್ತಗೆ ಸಡಿಲಾಗಿ, ಒಂದು ಹಿಡಿಯಷ್ಟು ಅವಳ ಕೈಯೊಳಗೆ ಬಂತು.

"ಎಳಿ ಕತ್ತೇ!" ಅಂದಳು ಹಾಲವ್ವ. ಕತ್ತೆ ಹಿಂದಕ್ಕೆ ಎಳೆಯಿತು. ಹಾಲವ್ವ ಎಳೆದಳು. ಬೂದ ದಾರಿಯ ಮೇಲೆ ಬಂದು ಬಿದ್ದ.

ಉಸಿರಿಲ್ಲ. ಅವಳು ಗಂಟು ಬಿಚ್ಚಿದಳು. ಎದೆ ಉಜ್ಜಿದಳು. ಹೊಳೆಯೂ ಸದ್ದು ನಿಲ್ಲಿಸಿ ಕಾಯಿತು, ಗಾಳಿಯೂ ಕಾಯಿತು. ಕಡೆಗೊಮ್ಮೆ ಬೂದ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಆಮೇಲೆ ಅವಳ ಕೈ ನೆಕ್ಕಿದ. ಹಾಲವ್ವ ಅವನನ್ನು ತಬ್ಬಿಕೊಂಡು ಮಕ್ಕಳ ಹಾಗೆ ಅತ್ತಳು.

ಅತ್ತಾದ ಮೇಲೆ ಆ ಹಗ್ಗವನ್ನು ಹೊಳೆಗೆ ಎಸೆಯಲು ಕೈ ಎತ್ತಿದಳು. ಮತ್ತೆ ಯೋಚಿಸಿ ನಿಲ್ಲಿಸಿದಳು. ಕಂಬಳಿಯ ಅಂಚಿನಿಂದ ಅಗಲವಾದ ಎರಡು ಪಟ್ಟಿ ಹರಿದಳು. ಕತ್ತೆಯ ಮೈ ನೋಡಿ ನೋಡಿ, ಒಂದನ್ನು ಬೂದನ ಎದೆಗೆ, ಒಂದನ್ನು ಹೊಟ್ಟೆಗೆ ಸುತ್ತಿ, ಬೆನ್ನ ಮೇಲೆ ಹಗ್ಗ ಕಟ್ಟಿದಳು. ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿದಳು. ಬಿಗಿಯೂ ಇಲ್ಲ, ಜಾರುವುದೂ ಇಲ್ಲ.

"ಈಗಾದ್ರೂ ನಗ್ತೀಯಾ?" ಅಂತು ಕತ್ತೆ. ಬಾಯಿ ಬಿಡುವಾಗಿತ್ತಲ್ಲ.

"ಇಲ್ಲಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ," ಅಂದಳು ಹಾಲವ್ವ.

ಹೊತ್ತು ನೆತ್ತಿಗೆ ಬರುವುದಕ್ಕೂ ಅವರು ದಾರಿಯ ಆಚೆ ತುದಿ ಮುಟ್ಟುವುದಕ್ಕೂ ಸರಿಹೋಯಿತು. ಮುದ್ದೀರಜ್ಜ ಒಂದೊಂದೇ ಕುರಿ ಎಣಿಸುತ್ತ ನಿಂತಿದ್ದ. ಬೂದನ ಕತ್ತಿನ ಗಾಯ ನೋಡಿದ, ಹಾಲವ್ವನ ತರಚಿದ ಕೈ ನೋಡಿದ. ತನ್ನ ಬುತ್ತಿಯ ರೊಟ್ಟಿ ಮುರಿದು ಅರ್ಧ ಬೂದನ ಮುಂದೆ ಇಟ್ಟ. ಬೂದ ತಿಂದ, ತಿಂದು ಮುಗಿಸಿ ಇನ್ನೊಂದು ವಾಸನೆಯ ಕಡೆ ಮತ್ತೆ ಎಳೆಯತೊಡಗಿದ. ಅವನ ಚಾಳಿ ಎಲ್ಲಿ ಹೋಗಬೇಕು!

ಲೋಕ ಹೊಸದಾಗಿದ್ದ ಕಾಲ ಅದು. ಒಬ್ಬರಿಗೆ ಆದದ್ದು ಅವರ ಕುಲಕ್ಕೆಲ್ಲ ಆಗಿಬಿಡುತ್ತಿತ್ತು. ಅದಕ್ಕೇ ಇವತ್ತಿಗೂ ನಿಮ್ಮ ನಾಯಿಯ ಹೆಡಕು ಮುಟ್ಟಿದರೆ ತೊಗಲು ಒಂದು ಹಿಡಿಯಷ್ಟು ಕೈಗೆ ಬರುತ್ತದೆ. ಮುಟ್ಟಿ ನೋಡಿ, ಆದರೆ ಹಿಡಿದು ಎತ್ತೀರಿ ಜೋಕೆ, ದೊಡ್ಡ ನಾಯಿಗೆ ನೋವಾಗುತ್ತದೆ. ಎತ್ತುವುದು ಮರಿಗಳ ತಾಯಿಯ ಕೆಲಸ: ತಾಯಿ ಬಂದು ಅಲ್ಲೇ ಮೆಲ್ಲಗೆ ಕಚ್ಚಿ ಎತ್ತಿದರೆ, ಎಷ್ಟು ತುಂಟ ಮರಿಯಾದರೂ ಒದ್ದಾಡುವುದನ್ನು ಬಿಟ್ಟು, ಮೈಯೆಲ್ಲ ಸಡಿಲ ಮಾಡಿ, ಸುಮ್ಮನೆ ತೂಗುತ್ತದೆ.